ಚಾಕ್‌ಪೀಸ್ ಕೆಳಗಿಟ್ಟ ಮೇಲೆ: ಗಣಿತ ಶಿಕ್ಷಕರ ಪ್ರಶ್ನೋತ್ತರ

ಮುಂಬಯಿ, ಪುಣೆ, ಗೋವೆಯ ಕನ್ನಡದ ಗಣಿತ ಶಿಕ್ಷಕರನ್ನು ‘ಶಾಲೆ ಬಿಟ್ಟ ಮೇಲೆ ಕೈಗೆ ಏನು ಕೆಲಸ ಕೊಡುತ್ತೀರಿ, ಅದರಲ್ಲಿ ಎಲ್ಲಿ ತೊಡಕಾಗುತ್ತಿದೆ?’ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಸಿಲಬಸ್ಸಿನ ಮಾತೇ ಇಲ್ಲ. ರಂಗೋಲಿ, ನೆರಳು ಗಡಿಯಾರ, ಷಟ್ಪದಿ, ಕಾಗದದ ಮಡಿಕೆ, ಇವೇ ಇವೆ. ಹವ್ಯಾಸ ಎಂದರೆ ‘ಬೋಧನೋಪಕರಣ’ ಆಗಲೇಬೇಕು ಎಂದುಕೊಂಡವರು ಇವರಲ್ಲಿ ಯಾರೂ ಇಲ್ಲದಿರುವುದು ನಮಗೆ ಹಿಡಿಸಿತು.

ಪ್ರಶ್ನೆ: ನೇರ ಚುಕ್ಕಿ ಇಟ್ಟು ಎಳೆ ರಂಗೋಲಿ ಹಾಕುತ್ತೇನೆ. 3 ಸಾಲು, ಸಾಲಿಗೆ 4 ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಇಡೀ ರಂಗೋಲಿ ಮುಗಿಯುತ್ತದೆ. 4 ಸಾಲು, ಸಾಲಿಗೆ 6 ಚುಕ್ಕಿ ಇಟ್ಟರೆ ಎಳೆ ಅರ್ಧಕ್ಕೇ ಹೊರಟ ಜಾಗಕ್ಕೆ ಬಂದು ಸೇರಿಬಿಡುತ್ತದೆ. ಉಳಿದದ್ದಕ್ಕೆ ಇನ್ನೊಂದು ಎಳೆ ಬೇಕಾಗುತ್ತದೆ. ಇದು ನನ್ನ ಕೈಯ ದೋಷವೋ, ಲೆಕ್ಕದ್ದೋ? – ಗಣಿತ ಶಿಕ್ಷಕಿ, ಡೊಂಬಿವಲಿ

ಉತ್ತರ: ಲೆಕ್ಕದ್ದೇ. ಅದೂ ನೀವು ಆರನೆಯ ತರಗತಿಗೆ ಹೇಳಿಕೊಡುವ ಲೆಕ್ಕ. ಸಾಲುಗಳ ಸಂಖ್ಯೆ ಮತ್ತು ಸಾಲಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಷ್ಟೋ ಅಷ್ಟು ಎಳೆ ಬೇಕು. 3 ಮತ್ತು 4ಕ್ಕೆ ಅದು 1. 4 ಮತ್ತು 6ಕ್ಕೆ 2. 5 ಮತ್ತು 7 ಇಟ್ಟರೆ ಒಂದೇ ಎಳೆ, 5ಕ್ಕೆ 5 ಇಟ್ಟರೆ ಐದು. ಅಕ್ಕಪಕ್ಕದ ಯಾವ ಎರಡು ಚುಕ್ಕಿಗಳ ನಡುವೆಯೂ ಎಳೆ ಓರೆಯಾಗಿ ಒಂದನ್ನೊಂದು ದಾಟುವ, ಅಂಚಿಗೆ ಬಂದಾಗ ಚುಕ್ಕಿಯನ್ನು ಬಳಸಿ ತಿರುಗುವ ಸಾದಾ ಹೆಣಿಗೆಗೆ ಮಾತ್ರ ಈ ನಿಯಮ. ಒಂದು ಸಾಲಿನ ಚುಕ್ಕಿ ಇನ್ನೊಂದು ಸಾಲಿನ ಸಂದಿಗೆ ಬರುವ ಸಂದು ಚುಕ್ಕಿಗೆ ಇದನ್ನು ಹಚ್ಚಲು ಹೋಗಬೇಡಿ.

ಕಾರಣ ಇಷ್ಟು. ಎಳೆ ಅಂಚಿಗೆ ತಾಗಿ ಕೇರಂ ಕಾಯಿಯ ಹಾಗೆ ಹಿಂದಿರುಗುತ್ತದೆ. ಅಡ್ಡಡ್ಡ ಹೋಗಿಬರುವ ಸುತ್ತು, ಉದ್ದುದ್ದ ಹೋಗಿಬರುವ ಸುತ್ತು, ಎರಡೂ ಒಟ್ಟಿಗೆ ಮುಗಿದಾಗಲೇ ಅದು ಹೊರಟಲ್ಲಿಗೆ ಬರುವುದು. ಹಾಗಾಗಿ ಒಂದು ಎಳೆಯ ಉದ್ದ ಆ ಎರಡು ಸಂಖ್ಯೆಗಳ ಲ.ಸಾ.ಅ.ಕ್ಕೆ (ಲಘುತ್ತಮ ಸಾಮಾನ್ಯ ಅಪವರ್ತ್ಯಕ್ಕೆ) ತಕ್ಕಂತೆ, ಇಡೀ ರಂಗೋಲಿಯ ಉದ್ದ ಅವುಗಳ ಗುಣಲಬ್ಧಕ್ಕೆ ತಕ್ಕಂತೆ. ಗುಣಲಬ್ಧವನ್ನು ಲ.ಸಾ.ಅ.ದಿಂದ ಭಾಗಿಸಿದರೆ ಉಳಿಯುವುದು ಮ.ಸಾ.ಅ. ತಾನೆ?

ಇನ್ನು ರಿಪೇರಿ. ಮೊದಲು ಗ್ರಾಫ್ ಪುಸ್ತಕದಲ್ಲಿ 1 ಸೆಂ.ಮೀ. ಅಂತರದಲ್ಲಿ ಚುಕ್ಕಿ ಇಟ್ಟು ಒಂದೊಂದು ಎಳೆಯನ್ನು ಒಂದೊಂದು ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಎರಡು ಬೇರೆ ಬಣ್ಣ ದಾಟುವ ಒಂದು ಜಾಗವನ್ನು ಆರಿಸಿ. ಅಲ್ಲಿ ಎರಡೂ ಎಳೆಗಳನ್ನು ದಾಟಿಸದೆ, ಬೆನ್ನಿಗೆ ಬೆನ್ನು ಮಾಡಿ ಬಂದ ಕಡೆಗೇ ತಿರುಗಿಸಿ. ಎರಡು ಎಳೆ ಕೂಡಿ ಒಂದಾಗುತ್ತವೆ, ಪ್ರತಿ ಸಲವೂ. ನಿಮ್ಮ 4ಕ್ಕೆ 6ರಲ್ಲಿ ಕೆಳಗಿನ ಸಾಲಿನ 3ನೆಯ ಮತ್ತು 4ನೆಯ ಚುಕ್ಕಿಯ ನಡುವೆ ಈ ಕೆಲಸ ಮಾಡಿ. ಒಂದೇ ಎಳೆ ಆಗುತ್ತದೆ, ಎಡ–ಬಲದ ಸಮರೂಪವೂ ಕೆಡುವುದಿಲ್ಲ. 3ಕ್ಕೆ 3 ಇಟ್ಟರೆ ಮೂರು ಎಳೆ. ಅಲ್ಲಿ ಕೆಳಗಿನ ಸಾಲಿನ 1–2ರ ನಡುವೆ ಒಂದು, 2–3ರ ನಡುವೆ ಒಂದು, ಹೀಗೆ ಎರಡು ಕಡೆ ತಿರುಗಿಸಬೇಕು.

ಎಡವುವುದು ಎಲ್ಲಿ ಎಂದರೆ, ಒಂದೇ ಬಣ್ಣದ ಎಳೆ ತನ್ನನ್ನೇ ದಾಟುವ ಜಾಗದಲ್ಲಿ ಕೈ ಹಾಕಿದಾಗ. 4ಕ್ಕೆ 6ರ ಕೆಳಸಾಲಿನಲ್ಲಿ 2–3ರ ನಡುವೆ, 4–5ರ ನಡುವೆ ಇರುವುದು ಅಂಥವೇ. ಅಲ್ಲಿ ತಿರುಗಿಸಿದರೆ ಎಳೆಗಳು ಕೂಡುವುದಂತೂ ಇಲ್ಲ, ಎರಡಿದ್ದದ್ದು ಮೂರಾದರೂ ಆದೀತು. ಬಣ್ಣದ ಪೆನ್ನು ಹಿಡಿಯಿರಿ ಎಂದದ್ದು ಇದಕ್ಕೇ.

ನೆಲಕ್ಕೆ ಇಳಿಸುವಾಗ ಚುಕ್ಕಿಗಳ ಅಂತರ ಎರಡು ಇಂಚಿಗಿಂತ ಕಡಿಮೆ ಬೇಡ. ಅದಕ್ಕಿಂತ ಹತ್ತಿರವಾದರೆ ದಾಟುವಲ್ಲಿ ಪುಡಿ ಗುಡ್ಡೆಯಾಗಿ ಯಾವ ಎಳೆ ಯಾವುದೆಂದು ಕಾಣುವುದಿಲ್ಲ. ಎರಡು ಇಂಚಿನ ಲೆಕ್ಕದಲ್ಲಿ 4ಕ್ಕೆ 6ರ ರಂಗೋಲಿ ಸುಮಾರು ಒಂದು ಅಡಿ ಉದ್ದ, ಮುಕ್ಕಾಲು ಅಡಿಗಿಂತ ಸ್ವಲ್ಪ ಕಡಿಮೆ ಅಗಲ ಬರುತ್ತದೆ. ಫ್ಲ್ಯಾಟಿನ ಬಾಗಿಲ ಮುಂದೆ ಅಷ್ಟು ಜಾಗ ಸಿಕ್ಕೇ ಸಿಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಪುಡಿ ಬೆರಳ ಸಂದಿಯಲ್ಲಿ ಕಟ್ಟಿಕೊಂಡು ಎಳೆ ತುಂಡುತುಂಡಾಗುತ್ತದೆ. ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಜರಡಿ ಹಿಡಿದುಕೊಳ್ಳಿ.

ಪ್ರಶ್ನೆ: ಸೊಸೈಟಿಯ ಟೆರೇಸಿನಲ್ಲಿ ನೆಟ್ಟಗೆ ಕೋಲು ನಿಲ್ಲಿಸಿ, ಗಂಟೆಗೊಂದು ಗೆರೆ ಎಳೆದು ನೆರಳು ಗಡಿಯಾರ ಮಾಡಿದೆ. ನವೆಂಬರಿನಲ್ಲಿ ಸರಿಯಾಗಿ ತೋರಿಸಿತು. ಫೆಬ್ರವರಿಗೆ ಹಾದಿ ತಪ್ಪಿತು. ಮೇ ಕೊನೆಯಲ್ಲಂತೂ ಮಧ್ಯಾಹ್ನದ ನೆರಳು ತೆಂಕಣಕ್ಕೇ ಬಿತ್ತು! – ಪ್ರೌಢಶಾಲಾ ಶಿಕ್ಷಕ, ಮುಲುಂಡ್

ಉತ್ತರ: ಮೇಷ್ಟ್ರೇ, ನೆಟ್ಟಗಿನ ಕೋಲಿನ ಹಣೆಬರಹವೇ ಅಷ್ಟು. ಅದರ ನೆರಳಿನ ದಿಕ್ಕು ಗಂಟೆಯ ಜೊತೆಗೆ ಋತುವಿಗೂ ತಕ್ಕಂತೆ ಬದಲಾಗುತ್ತದೆ. ಮುಂಬಯಿಯ ಅಕ್ಷಾಂಶ 19 ಡಿಗ್ರಿ. ಸೂರ್ಯ ಉತ್ತರಕ್ಕೆ 23.4 ಡಿಗ್ರಿವರೆಗೆ ಹೋಗುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನ ಅವನು ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ನೆರಳು ತೆಂಕಣಕ್ಕೆ ಬಿದ್ದದ್ದು ಸರಿಯಾಗಿಯೇ ಇದೆ.

ಕೋಲನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ, ಉತ್ತರದ ಕಡೆಗೆ ಮೇಲೇಳುವಂತೆ, ನೆಲದಿಂದ 19 ಡಿಗ್ರಿ ಓರೆಯಾಗಿ ಇಡಬೇಕು. ಆಗ ಒಂದು ಗಂಟೆಯ ನೆರಳು ವರ್ಷವಿಡೀ ಒಂದೇ ಗೆರೆಯ ಮೇಲೆ ಬೀಳುತ್ತದೆ. ಕೋಲಿಗಿಂತ ತ್ರಿಕೋನದ ತಗಡು ಒಳ್ಳೆಯದು. 2 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ತಳ 20 ಸೆಂ.ಮೀ., ಎತ್ತರ 6.9 ಸೆಂ.ಮೀ. ಇರುವ ಲಂಬಕೋನ ತ್ರಿಭುಜ ಕತ್ತರಿಸಿ. 20ನ್ನು ಟ್ಯಾನ್ 19ರಿಂದ ಗುಣಿಸಿದರೆ ಬರುವುದು ಅದೇ. ಪೀಠಕ್ಕೆ 30 ಸೆಂ.ಮೀ. ಚೌಕದ ಕಡಪ ಕಲ್ಲೋ ಗ್ರಾನೈಟಿನ ತುಂಡೋ ಆಗಬಹುದು. ಪ್ಲೈವುಡ್ ಒಂದು ಮಳೆಗೇ ಉಬ್ಬಿ ಬಾಗುತ್ತದೆ.

ಗೆರೆಗಳನ್ನು 15 ಡಿಗ್ರಿಗೊಂದರಂತೆ ಸಮನಾಗಿ ಎಳೆಯುವುದು ಹೆಚ್ಚಿನವರು ಮಾಡುವ ತಪ್ಪು. ಮಟ್ಟವಾದ ಪೀಠದ ಮೇಲೆ ಅವು ಸಮ ಬರುವುದಿಲ್ಲ. ನಿಯಮ ಹೀಗಿದೆ: ಗೆರೆಯ ಕೋನದ ಟ್ಯಾನ್ = ಅಕ್ಷಾಂಶದ ಸೈನ್ × (15 × ಗಂಟೆ)ಯ ಟ್ಯಾನ್. ಇಲ್ಲಿ ಗಂಟೆಯನ್ನು ಮಧ್ಯಾಹ್ನದಿಂದ ಎಣಿಸಬೇಕು. ಮುಂಬಯಿಗೆ ಮಧ್ಯಾಹ್ನದ ಗೆರೆಯಿಂದ ಕೋನಗಳು: 11 ಮತ್ತು 1ಕ್ಕೆ 5.0 ಡಿಗ್ರಿ, 10 ಮತ್ತು 2ಕ್ಕೆ 10.7, 9 ಮತ್ತು 3ಕ್ಕೆ 18.1, 8 ಮತ್ತು 4ಕ್ಕೆ 29.5, 7 ಮತ್ತು 5ಕ್ಕೆ 50.6, ಬೆಳಗಿನ–ಸಂಜೆಯ 6ಕ್ಕೆ 90. ಓರೆ ಅಂಚು ಪೀಠವನ್ನು ತಾಗುವ ದಕ್ಷಿಣದ ತುದಿಯಿಂದ ಅಳೆಯಿರಿ. ಬೆಳಗಿನ ಗೆರೆಗಳು ಪಶ್ಚಿಮಕ್ಕೆ, ಮಧ್ಯಾಹ್ನದ ನಂತರದವು ಪೂರ್ವಕ್ಕೆ. ಪುಣೆಯವರಿಗೂ ಇದೇ ಪೀಠ ನಡೆಯುತ್ತದೆ, ಅರ್ಧ ಡಿಗ್ರಿಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಪಣಜಿಯವರು ಮಾತ್ರ ತಗಡಿನ ಎತ್ತರವನ್ನು 5.5 ಸೆಂ.ಮೀ. ಇಟ್ಟು, ಕೋನಗಳನ್ನು ಕ್ರಮವಾಗಿ 4.1, 8.8, 15.0, 24.8, 44.9 ಮಾಡಿಕೊಳ್ಳಬೇಕು.

ತಗಡಿಗೆ ದಪ್ಪ ಇದೆಯೆಂಬುದು ಮರೆತುಹೋಗುತ್ತದೆ. ಬೆಳಗ್ಗೆ ನೆರಳು ಮಾಡುವುದು ಅದರ ಒಂದು ಮೈ, ಮಧ್ಯಾಹ್ನದ ಮೇಲೆ ಇನ್ನೊಂದು ಮೈ. ಮಧ್ಯಾಹ್ನದ ಗೆರೆಯನ್ನು 2 ಮಿ.ಮೀ. ಅಂತರದ ಜೋಡಿ ಗೆರೆ ಮಾಡಿ, ಬೆಳಗಿನ ಕೋನಗಳನ್ನು ಪಶ್ಚಿಮದ ಗೆರೆಯಿಂದ, ಉಳಿದವನ್ನು ಪೂರ್ವದ ಗೆರೆಯಿಂದ ಅಳೆಯಿರಿ.

ದಿಕ್ಕಿಗೆ ದಿಕ್ಸೂಚಿ ನಂಬಬೇಡಿ. ಟೆರೇಸಿನ ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳು, ಮಗ್ಗುಲಲ್ಲಿ ಗ್ರಿಲ್ಲು, ನೀರಿನ ಪೈಪು. ಸೂಜಿ ಎತ್ತ ತಿರುಗೀತೋ ಹೇಳಲಾಗದು. ಹಳೆಯ ವಿಧಾನವೇ ಗಟ್ಟಿ. 15 ಸೆಂ.ಮೀ. ಕಡ್ಡಿಯನ್ನು ಸರಿಯಾಗಿ ಲಂಬವಾಗಿ ನಿಲ್ಲಿಸಿ. ಬೆಳಗ್ಗೆ ಹತ್ತರ ಹೊತ್ತಿಗೆ ನೆರಳಿನ ತುದಿ ಇರುವಲ್ಲಿ ಗುರುತಿಟ್ಟು, ಕಡ್ಡಿಯ ಬುಡವನ್ನು ಕೇಂದ್ರ ಮಾಡಿ ಆ ಗುರುತಿನ ಮೂಲಕ ವೃತ್ತ ಎಳೆಯಿರಿ. ಮಧ್ಯಾಹ್ನದ ಮೇಲೆ ನೆರಳಿನ ತುದಿ ಮತ್ತೆ ಅದೇ ವೃತ್ತವನ್ನು ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡು ಗುರುತನ್ನು ಸೇರಿಸಿದರೆ ಪೂರ್ವ–ಪಶ್ಚಿಮ. ಕೇಂದ್ರದಿಂದ ಅದಕ್ಕೆ ಲಂಬ ಎಳೆದರೆ ಉತ್ತರ–ದಕ್ಷಿಣ. ಡಿಸೆಂಬರ್ ಕೊನೆಯ ವಾರ ಇದಕ್ಕೆ ಹೇಳಿಮಾಡಿಸಿದ ಕಾಲ. ಆಕಾಶ ಬರಿದಾಗಿರುತ್ತದೆ, ಬೆಳಗಿನಿಂದ ಸಂಜೆಗೆ ಸೂರ್ಯನ ಹಾದಿ ಬದಲಾಗುವುದೂ ಇಲ್ಲವೆನ್ನುವಷ್ಟು ಕಡಿಮೆ. ಪೀಠ ಕೂರಿಸುವಾಗ ಮಟ್ಟಗೋಲು ಇಟ್ಟು ನೋಡಿ. ಟೆರೇಸಿಗೆ ನೀರು ಹರಿಯಲೆಂದು ವಾಟ ಕೊಟ್ಟೇ ಇರುತ್ತಾರೆ.

ಕೊನೆಯದಾಗಿ, ನವೆಂಬರಿನಿಂದ ಫೆಬ್ರವರಿಗೆ ಗೆರೆ ತಪ್ಪಲು ಇನ್ನೊಂದು ಕಾರಣವೂ ಇದೆ. ನಮ್ಮ ಕೈಗಡಿಯಾರ 82.5 ಡಿಗ್ರಿ ರೇಖಾಂಶದ ವೇಳೆ ತೋರಿಸುತ್ತದೆ. ಮುಂಬಯಿ 72.9 ಡಿಗ್ರಿಯಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಸುಮಾರು 38 ನಿಮಿಷ ಹಿಂದೆ. ಇದರ ಮೇಲೆ, ಭೂಮಿಯ ದೀರ್ಘವೃತ್ತದ ಹಾದಿ ಮತ್ತು ಅಕ್ಷದ ಓರೆಯಿಂದಾಗಿ ತಿಂಗಳಿಂದ ತಿಂಗಳಿಗೆ ಏರುಪೇರು ಬೇರೆ. ಎರಡನ್ನೂ ಕೂಡಿಸಿದರೆ, ನೆರಳು ತೋರಿಸುವ ವೇಳೆಗೆ ಮುಂಬಯಿಯಲ್ಲಿ ಸೇರಿಸಬೇಕಾದ ನಿಮಿಷಗಳು: ನವೆಂಬರ್ ಮೊದಲ ವಾರ 22, ಫೆಬ್ರವರಿ ಎರಡನೆಯ ವಾರ 53, ಮೇ ಮಧ್ಯ 35, ಜುಲೈ ಕೊನೆ 45. ಪುಣೆಗೂ ಪಣಜಿಗೂ ಇದರಲ್ಲಿ 4 ಕಳೆಯಿರಿ. ನವೆಂಬರಿಗೂ ಫೆಬ್ರವರಿಗೂ ಅರ್ಧ ಗಂಟೆಯ ಅಂತರ ಇರುವಾಗ ಕೈಗಡಿಯಾರ ನೋಡಿ ಎಳೆದ ಗೆರೆ ನಿಲ್ಲುವುದಾದರೂ ಹೇಗೆ? ಗೆರೆಗಳನ್ನು ಕೋನಮಾಪಕದಿಂದಲೇ ಎಳೆಯಿರಿ. ತಿದ್ದುಪಡಿಯ ಪಟ್ಟಿಯನ್ನು ಪೀಠದ ಮಗ್ಗುಲಲ್ಲಿ ಎನಾಮೆಲ್ ಬಣ್ಣದಲ್ಲಿ ಬರೆದಿಡಿ.

ಪ್ರಶ್ನೆ: ಹವ್ಯಾಸದ ವಿಷಯ ಶಾಲೆಯಲ್ಲಿ ಗೊತ್ತಾದರೆ ಪ್ರತಿ ವಸ್ತುಪ್ರದರ್ಶನದ ಕೆಲಸವೂ ನನ್ನ ತಲೆಗೇ ಬರುತ್ತದೆ. ಏನು ಮಾಡಲಿ? – ಶಿಕ್ಷಕಿ, ಘಾಟ್ಕೋಪರ್

ಉತ್ತರ: ಹೇಳಲೇಬೇಡಿ.

ಪ್ರಶ್ನೆ: ನಮ್ಮ ಯಕ್ಷಗಾನದ ಬಳಗಕ್ಕೆಂದು ಭಾಮಿನಿ ಷಟ್ಪದಿ ಬರೆಯಲು ಹೊರಟಿದ್ದೇನೆ. ಸಾಲಿಗೆ 14 ಮಾತ್ರೆ (ಅಕ್ಷರ ನುಡಿಯುವ ಹೊತ್ತಿನ ಅಳತೆ) ಎಣಿಸಿ ಎಣಿಸಿ ಹಾಕಿದ್ದೇನೆ. ಉದಾಹರಣೆಗೆ, ‘ತ್ರಿಕೋನದೊಳಗಿರೆ ಕೋನ ಮೂರು’. ಭಾಗವತರು ‘ಇದು ಹಾಡಲು ಕೂಡುವುದಿಲ್ಲ’ ಎನ್ನುತ್ತಾರೆ. ಎಣಿಕೆ ಸರಿ ಇದೆಯಲ್ಲ? – ಗಣಿತ ಶಿಕ್ಷಕ, ವಾಸ್ಕೊ, ಗೋವಾ

ಉತ್ತರ: ಎಣಿಕೆ ಸರಿ, ಗಣ (ಮಾತ್ರೆಗಳ ಗುಂಪು) ಸರಿಯಿಲ್ಲ. ಭಾಗವತರ ಕಿವಿಯನ್ನು ನಂಬಿ. ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ ಇದ್ದರೆ ಸಾಲದು, ಅವು 3–4–3–4 ಎಂದು ಒಡೆಯಬೇಕು. 3 ಮತ್ತು 6ನೆಯ ಸಾಲು 3–4–3–4–3–4 ಆಗಿ ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಅಂದರೆ 23. ಇಡೀ ಪದ್ಯಕ್ಕೆ 102. ಹಾಡುವವರಿಗೆ ಅದು ‘ತಕಿಟ ತಕಧಿಮಿ’ ಎಂಬ ಏಳರ ನಡೆ.

ಇದರ ಜೊತೆಗೆ ಒಂದು ನಿಷೇಧವಿದೆ. ಗಣದ ಮೊದಲಲ್ಲಿ ಲಘುವಿನ (ಒಂದು ಮಾತ್ರೆಯ ಅಕ್ಷರದ) ಬೆನ್ನಿಗೇ ಗುರು ಬರಬಾರದು. ನಿಮ್ಮ ಸಾಲನ್ನು ಒಡೆದು ನೋಡಿ: ತ್ರಿಕೋ / ನದೊಳಗಿ / ರೆಕೋ / ನಮೂರು. ಮೊದಲನೆಯದು ಲಘು–ಗುರು. ಮೂರನೆಯದೂ ಅದೇ. ನಾಲ್ಕನೆಯದು ಲಘು–ಗುರು–ಲಘು, ಅಂದರೆ ಜಗಣ. ನಾಲ್ಕರಲ್ಲಿ ಮೂರು ಗಣ ಬಿದ್ದವು. ತಾಳ ಬೀಳುವ ಜಾಗದಲ್ಲಿ ದನಿ ಎದ್ದು ನಿಲ್ಲದೆ, ಒಂದು ಮಾತ್ರೆ ತಡವಾಗಿ ನಿಲ್ಲುತ್ತದೆ. ಭಾಗವತರು ಮುಗ್ಗರಿಸಿದ್ದು ಅಲ್ಲಿಯೇ.

‘ತ್ರಿಕೋನ’ ಹುಟ್ಟಿನಿಂದಲೇ ಜಗಣ. ‘ಸಮೀಕರಣ’ದ ಮೊದಲೆರಡು ಅಕ್ಷರವೂ ಲಘು–ಗುರು. ಹಾಗೆಂದು ಗಣಿತದ ಪದಗಳನ್ನು ಕೈಬಿಡಬೇಕಿಲ್ಲ. ಮುಂದೆ ಒಂದು ಗುರುವನ್ನು ಕೂರಿಸಿ, ಪದದ ಮೊದಲ ಲಘುವನ್ನು ಹಿಂದಿನ ಗಣಕ್ಕೆ ದಾಟಿಸಿಬಿಡಿ. ‘ಈ ತ್ರಿಕೋನದ ಒಳಗೆ ಮೂರಿವೆ’ ಎನ್ನಿ. ಈತ್ರಿ / ಕೋನದ / ಒಳಗೆ / ಮೂರಿವೆ: ಸರಿಯಾಗಿ 3–4–3–4. ‘ಈ ಸಮೀಕರಣ’ವೂ ಹೀಗೆಯೇ ಈಸ / ಮೀಕರ / ಎಂದು ಹರಿದುಹೋಗುತ್ತದೆ.

ಪ್ರಾಸವನ್ನೂ ಮರೆಯಬೇಡಿ. ಆರೂ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಮೊದಲಕ್ಷರ ಗುರುವಾದರೆ ಎಲ್ಲ ಕಡೆಯೂ ಗುರು. ಮಾದರಿಗೆ ಅರ್ಧ ಪದ್ಯ ಕಟ್ಟಿಕೊಟ್ಟಿದ್ದೇವೆ, ಕಾವ್ಯಗುಣವನ್ನು ದಯವಿಟ್ಟು ಹುಡುಕಬೇಡಿ:

ಬಿಂದು ಗೆರೆಗಳ ನಡುವೆ ಕೋನವು
ಬಂದು ನಿಂತಿತು ಕರಿಯ ಹಲಗೆಗೆ
ಮಂದಿ ಮಕ್ಕಳು ಕಣ್ಣ ಮಿಟುಕದೆ ನೋಡಿ ಕುಳಿತಿರಲು

ಮೂರನೆಯ ಸಾಲಿನ ಕೊನೆಯ ‘ಲು’ ಬರೆಯುವಾಗ ಲಘು, ಹಾಡುವಾಗ ಎಳೆದು ಗುರು ಮಾಡುತ್ತಾರೆ. ಸಾಲಿನ ಕೊನೆಗೆ ಅದು ಸಲ್ಲುತ್ತದೆ. ಉಳಿದ ಮೂರು ಸಾಲು ನೀವು ಬರೆಯಿರಿ.

ಲೆಕ್ಕದ ರುಚಿ ಬೇಕೆಂದರೆ ಇದೂ ಇದೆ. ನಿಷೇಧ ಇಲ್ಲದಿದ್ದರೆ 3 ಮಾತ್ರೆಯನ್ನು ಲಘು–ಗುರುಗಳಿಂದ 3 ಬಗೆಯಲ್ಲಿ, 4 ಮಾತ್ರೆಯನ್ನು 5 ಬಗೆಯಲ್ಲಿ ತುಂಬಬಹುದು. 1, 2, 3, 5, 8, 13 ಎಂಬ ಈ ಸರಣಿಯನ್ನು ನಮ್ಮ ಛಂದಸ್ಸಿನವರು ಇಟಲಿಯ ಗಣಿತಜ್ಞ ಫಿಬೊನಾಚಿಗಿಂತ ಮೊದಲೇ ಎಣಿಸಿದ್ದರು. 12ನೆಯ ಶತಮಾನದ ಜೈನ ವಿದ್ವಾಂಸ ಹೇಮಚಂದ್ರನಲ್ಲಿ ಅದು ಸ್ಪಷ್ಟವಾಗಿದೆ. ನಿಷೇಧದಿಂದ 3ರಲ್ಲಿ ಒಂದು, 5ರಲ್ಲಿ ಒಂದು ಬಿದ್ದು 2 ಮತ್ತು 4 ಉಳಿಯುತ್ತವೆ. ಆಗ ಒಂದು ಗಿಡ್ಡ ಸಾಲಿಗೆ 2×4×2×4, ಅಂದರೆ 64 ನಡಿಗೆ. ಅವುಗಳಲ್ಲಿ ಎಲ್ಲ ಲಘುಗಳಿಂದಲೇ ತುಂಬಿದ ಸಾಲು ಓಡುತ್ತದೆ, ಗುರು ತುಂಬಿದ್ದು ತೂಗುತ್ತದೆ. ಯುದ್ಧಕ್ಕೆ ಯಾವುದು, ಶೋಕಕ್ಕೆ ಯಾವುದು ಎಂದು ಭಾಗವತರ ಜೊತೆ ಕೂತು ನೋಡಿ.

ಪ್ರಶ್ನೆ: ದಿನಾ ವಿರಾರ್ ಲೋಕಲ್ಲಿನಲ್ಲಿ ನಿಂತುಕೊಂಡೇ ಹೋಗಿಬರುತ್ತೇನೆ. ಕೈ ಆಡಿಸಲೂ ಜಾಗವಿಲ್ಲ. ನನಗೂ ಒಂದು ಹವ್ಯಾಸ ಹೇಳಿ. – ಶಿಕ್ಷಕ, ನಾಲಾಸೋಪಾರ

ಉತ್ತರ: ಕೈ ಬೇಡದ್ದು ಮಾತ್ರೆ ಎಣಿಕೆ. ಮೇಲಿನ ಉತ್ತರ ಓದಿಕೊಂಡು ಸ್ಟೇಷನ್ನುಗಳ ಹೆಸರು ತೂಗಿ. ವಿರಾರ್, ಮಲಾಡ್ ಎರಡೂ ಲಘು–ಗುರು, ಗಣದ ಮೊದಲಿಗೆ ಸಲ್ಲವು. ದಹಿಸರ್, ಬಾಂದ್ರಾ, ದಾದರ್ ತಲಾ 4 ಮಾತ್ರೆ, ಮೂರೂ ಬೇರೆ ಬೇರೆ ಊರಿನವಾದರೂ ಒಂದೇ ಗಣದ ಜಾಗಕ್ಕೆ ಬರುತ್ತವೆ. ಅಂಧೇರಿ 5. ಅದನ್ನು ಎರಡು ಗಣಕ್ಕೆ ಹಂಚಬೇಕು. ಬೋರಿವಲಿಯೂ 5, ಆದರೆ ಅದು ಹಂಚಲು ಸುಲಭ. ಏಕೆಂದು ಬೋರಿವಲಿ ದಾಟುವಷ್ಟರಲ್ಲಿ ನಿಮಗೇ ಹೊಳೆಯುತ್ತದೆ.

ಪ್ರಶ್ನೆ: ಕಾಪ್ರೇಕರರ 6174ರ ಆಟ ಆಡುತ್ತಿದ್ದೇನೆ. ನಾಲ್ಕಂಕಿಯ ಯಾವುದೇ ಸಂಖ್ಯೆಯ ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತ ಹೋದರೆ 6174 ಬರಬೇಕು. ನನಗೆ 2111 ತೆಗೆದುಕೊಂಡಾಗ ಸೊನ್ನೆ ಬಂತು. ಮತ್ತೆ, ಸಾವಿರಾರು ಸಂಖ್ಯೆಗಳನ್ನು ಒಂದೊಂದಾಗಿ ನೋಡದೆ ಇದನ್ನು ಕೈಯಲ್ಲೇ ಸಾಧಿಸಬಹುದೇ? – ನಿವೃತ್ತ ಗಣಿತ ಶಿಕ್ಷಕ, ಕಲ್ಯಾಣ

ಉತ್ತರ: ಸೊನ್ನೆ ಬಂದದ್ದು ಮುಂದಿನ 0ಯನ್ನು ಬಿಟ್ಟದ್ದರಿಂದ. 2111 – 1112 = 0999. ಇದನ್ನು 999 ಎಂದು ಬರೆದರೆ ಮುಂದಿನ ಹೆಜ್ಜೆಗೆ 999 – 999 ಆಗಿ ಆಟ ಮುಗಿಯಿತು. ನಾಲ್ಕು ಅಂಕಿ ಬಿಡದೆ ಹೋಗಿ: 9990 – 0999 = 8991, 9981 – 1899 = 8082, 8820 – 0288 = 8532, 8532 – 2358 = 6174. ನಾಲ್ಕೂ ಅಂಕಿ ಒಂದೇ ಆಗಿರುವ ಸಂಖ್ಯೆ ಮಾತ್ರ ಈ ಆಟಕ್ಕೆ ಸಲ್ಲದು. ಉಳಿದದ್ದೆಲ್ಲ ಹೆಚ್ಚೆಂದರೆ 7 ಹೆಜ್ಜೆಯಲ್ಲಿ ಮುಟ್ಟುತ್ತದೆ.

ಕೈಯಲ್ಲಿ ಸಾಧಿಸಬಹುದು. ಇಳಿಕೆಯ ಅಂಕಿಗಳು ಕ, ಖ, ಗ, ಘ ಆಗಿರಲಿ. ವ್ಯತ್ಯಾಸ ಯಾವಾಗಲೂ 999(ಕ–ಘ) + 90(ಖ–ಗ). ಹೊರಗಿನ ಜೋಡಿಯ ಅಂತರ 1ರಿಂದ 9, ಒಳಗಿನ ಜೋಡಿಯ ಅಂತರ 0ಯಿಂದ ಹೊರಗಿನದರವರೆಗೆ. ಎಣಿಸಿದರೆ 2+3+…+10 = 54 ಜೋಡಿ ಅಷ್ಟೇ! ಒಂದು ಪುಟದಲ್ಲಿ 54 ಮನೆ ಹಾಕಿ, ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತದೆಂದು ಬಾಣ ಎಳೆಯುತ್ತ ಬನ್ನಿ. ಎಲ್ಲ ಬಾಣವೂ 6174ರ ಮನೆಗೆ, ಅಂದರೆ ಹೊರ ಅಂತರ 6, ಒಳ ಅಂತರ 2 ಇರುವ ಮನೆಗೆ ಹೋಗಿ ಸೇರುತ್ತದೆ. ಒಂದು ಭಾನುವಾರದ ಕೆಲಸ. ಗೋಡೆಗೆ ಹಚ್ಚುವಂಥ ಚಿತ್ರವೂ ಆಗುತ್ತದೆ.

ಮೂರಂಕಿಗೆ ಇದೇ ಆಟ 495ಕ್ಕೆ ನಿಲ್ಲುತ್ತದೆ. ಎರಡಂಕಿಯಲ್ಲಿ ನಿಲ್ಲುವುದೇ ಇಲ್ಲ. 09, 81, 63, 27, 45, ಮತ್ತೆ 09 ಎಂದು ಸುತ್ತುತ್ತದೆ. ಐದಂಕಿಯಲ್ಲೂ ಒಂದೇ ನೆಲೆಯಿಲ್ಲ. 53955ರಿಂದ 59994, ಅಲ್ಲಿಂದ ಮತ್ತೆ 53955, ಹೀಗೆ ಜೋಕಾಲಿಯಾಡುವುದು ಅಲ್ಲಿನ ಸುತ್ತುಗಳಲ್ಲಿ ಒಂದು. ಉಳಿದವನ್ನು ನೀವೇ ಹುಡುಕಿ.

ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿ, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿದ ದ. ರಾ. ಕಾಪ್ರೇಕರ್ ನಾಸಿಕದ ಹತ್ತಿರದ ದೇವಳಾಲಿಯಲ್ಲಿ 1962ರವರೆಗೆ ಶಾಲೆಯ ಮೇಷ್ಟ್ರಾಗಿದ್ದರು. ಸ್ನಾತಕೋತ್ತರ ಪದವಿ ಇರಲಿಲ್ಲ. ಇಲ್ಲಿನ ಗಣಿತಜ್ಞರಲ್ಲಿ ಅನೇಕರು ಅವರ ಕೆಲಸವನ್ನು ಹಗುರವಾಗಿ ನೋಡಿದರು. 1975ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ ತಮ್ಮ ಗಣಿತದ ಅಂಕಣದಲ್ಲಿ ಬರೆದ ಮೇಲೆ ಹೊರಗಿನವರಿಗೆ ಹೆಸರು ಗೊತ್ತಾಯಿತು. ಕಾಪ್ರೇಕರ್ ಮಾತ್ರ ಮೊದಲೂ ಆಮೇಲೂ ಕಳೆಯುತ್ತಲೇ ಕೂತಿದ್ದರು.

ಪ್ರಶ್ನೆ: ಸಂಜೆ ಹೊತ್ತು ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುವ ಬದಲು ಕಾಗದದ ಲಾಂದ್ರ, ಗೂಡುದೀಪ ಮಾಡಿ ಮಾರಬಹುದೇ? – ಶಿಕ್ಷಕಿ, ಚಿಂಚ್ವಡ್

ಉತ್ತರ: ಟ್ಯೂಷನ್ನಿನ ಮಾತು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸುತ್ತದೆ. ಕೈಕೆಲಸ ಮಾರುವುದು ಟ್ಯೂಷನ್ ಅಲ್ಲ. ಆದರೂ ಸಂಬಳದ ಹೊರಗಿನ ಆದಾಯ ಎಂದಮೇಲೆ ಆಡಳಿತ ಮಂಡಳಿಗೆ ಮೊದಲೇ ಒಂದು ಪತ್ರ ಕೊಟ್ಟು, ಸ್ವೀಕೃತಿಯ ಸಹಿ ಪಡೆದಿಡಿ. ಬೆಲೆ ಕಟ್ಟುವಾಗ ಕಾಗದಕ್ಕಿಂತ ನಿಮ್ಮ ಹೊತ್ತಿಗೆ ಹೆಚ್ಚು ಹಾಕಿ. ಈ ಊರಿನ ಜನ ಚೌಕಾಸಿ ಮಾಡಿಯೇ ಮಾಡುತ್ತಾರೆ.

ಪ್ರಶ್ನೆ: 30 ತುಂಡು ಕಾಗದ ಮಡಚಿ ಅಂಟಿಲ್ಲದೆ ಜೋಡಿಸುವ ಸೊನೊಬೆ ಗೋಳ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಗಟ್ಟಿ ನಿಂತದ್ದು ಜುಲೈಯಲ್ಲಿ ಕೂರುತ್ತಲೇ ಇಲ್ಲ, 20ನೆಯ ತುಂಡಿಗೆ ಬಿಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಗೋಳವೇ ಆಗದೆ ಗಿಡ್ಡಗೆ ಮುಚ್ಚಿಕೊಳ್ಳುತ್ತದೆ. – ಶಿಕ್ಷಕಿ, ಭಾಂಡುಪ್

ಉತ್ತರ: ಮೇಡಂ, ಇವು ಎರಡು ಬೇರೆ ರೋಗಗಳು.

ಬಿಚ್ಚಿಕೊಳ್ಳುವುದು ತೇವದಿಂದ. ಗಾಳಿಯ ತೇವ ಕುಡಿದ ಕಾಗದದ ನಾರು ಉಬ್ಬಿ ಮಡಿಕೆ ತಾನಾಗಿ ಅರಳುತ್ತದೆ, ಇನ್ನೊಂದು ತುಂಡಿನ ತುದಿಯನ್ನು ತೂರಿಸುವ ಜೇಬಿನ ಹಿಡಿತ ಸಡಿಲಾಗುತ್ತದೆ. ಕಾಗದವನ್ನು ಮಡಚುವ ಮೊದಲೇ ಮುಚ್ಚಳ ಭದ್ರವಾಗಿರುವ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಡಿ. ಮಡಚಿದ ತುಂಡುಗಳನ್ನು ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಒತ್ತಿಟ್ಟು, ಮತ್ತೆ ಡಬ್ಬಿಗೇ ಹಾಕಿ. ಮೂವತ್ತೂ ಆದಮೇಲೆ ಒಂದೇ ಕೂರಿಕೆಯಲ್ಲಿ ಜೋಡಿಸಿ. ನುಣುಪು ಗಿಫ್ಟ್ ಪೇಪರ್ ಬೇಡ, ಜಾರುತ್ತದೆ. ಜೆರಾಕ್ಸಿಗೆ ಬಳಸುವ 75–80 ಜಿಎಸ್‌ಎಂ ಬಣ್ಣದ ಹಾಳೆ ಸಾಕು. ಒಂದು ಎ4 ಹಾಳೆಯಲ್ಲಿ 99 ಮಿ.ಮೀ. ಚೌಕ ಆರು ಬರುತ್ತವೆ, ಹಾಗಾಗಿ ಐದು ಹಾಳೆಗೆ ಗೋಳ ಮುಗಿಯಿತು. ಮೂರು ಬಣ್ಣ ಬೇಕೆಂದರೆ ಬಣ್ಣಕ್ಕೆ 10 ಚೌಕ, ಅಂದರೆ ಬಣ್ಣಕ್ಕೆ ಎರಡು ಹಾಳೆ ತನ್ನಿ. ಪ್ರತಿ ಪಿರಮಿಡ್ಡಿನಲ್ಲೂ ಮೂರು ಬಣ್ಣ ಒಂದೊಂದು ಬರುವಂತೆ ಇಡೀ ಗೋಳ ಕಟ್ಟಲು ಆಗುತ್ತದೆ. ಕ್ರಾಫರ್ಡ್ ಮಾರ್ಕೆಟ್ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲೋ, ಪುಣೆಯವರಾದರೆ ಅಪ್ಪಾ ಬಳವಂತ ಚೌಕದಲ್ಲೋ ಹುಡುಕಿ.

ಗಿಡ್ಡಗೆ ಮುಚ್ಚಿಕೊಳ್ಳುವುದು ಎಣಿಕೆ ತಪ್ಪಿದ್ದರಿಂದ. ಮೂರು ತುಂಡು ಸೇರಿ ಒಂದು ಮೂರು ಮುಖದ ಪಿರಮಿಡ್. ಅಂಥ ಪಿರಮಿಡ್ಡುಗಳು ಬುಡದಲ್ಲಿ ಒಂದು ಬಿಂದುವಿನ ಸುತ್ತ ಐದೈದು ಕೂಡಬೇಕು. ಎಲ್ಲ ಕಡೆಯೂ ನಾಲ್ಕು ಕೂಡಿದರೆ 12 ತುಂಡಿಗೇ ಮುಚ್ಚಿ ಬೇರೆಯೇ ಆಕೃತಿಯಾಗುತ್ತದೆ. ಮೂರು ಕೂಡಿದರೆ 6 ತುಂಡಿಗೆ ಘನ. ನಿಮ್ಮಲ್ಲಿ ಒಂದೆರಡು ಕಡೆ ನಾಲ್ಕಾಗಿದೆ, ಅಷ್ಟೆ. ಪ್ರತಿ ಬಿಂದು ಮುಗಿದಾಗ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಹಾಕಿ, ಒಟ್ಟು 12 ಬಿಂದು ಬರಬೇಕು.

ಒಂದು ತುಂಡು ಎಷ್ಟು ಒತ್ತಿದರೂ ಜೇಬಿಗೆ ಇಳಿಯದಿದ್ದರೆ ಅದು ಕನ್ನಡಿಯ ಬಿಂಬ ಆಗಿರುತ್ತದೆ. ಮೊದಲ ತುಂಡಿಗೆ ಬಲ ಮೇಲಿನ ಮತ್ತು ಎಡ ಕೆಳಗಿನ ಮೂಲೆ ಮಡಚಿದ್ದರೆ ಮೂವತ್ತಕ್ಕೂ ಅದೇ ಎರಡು ಮೂಲೆ. ಟಿವಿ ನೋಡುತ್ತ ಮಡಚುವವರಿಗೆ ಹತ್ತರಲ್ಲಿ ಒಂದು ತಿರುವುಮುರುವು ಆಗಿಯೇ ತೀರುತ್ತದೆ. ಜೋಡಿಸುವ ಮುನ್ನ ಮೂವತ್ತನ್ನೂ ಒಂದೇ ದಿಕ್ಕಿಗೆ ಸಾಲಾಗಿ ಇಟ್ಟು ನೋಡಿ, ಉಲ್ಟಾ ಓರೆಯದು ಕಣ್ಣಿಗೆ ಹೊಡೆಯುತ್ತದೆ.

ಕೊನೆಯ ಎರಡು ತುಂಡಿಗೆ ಬೆರಳು ಒಳಗೆ ಹೋಗುವುದಿಲ್ಲ. ಮೊಂಡು ಹೆಣಿಗೆ ಕಡ್ಡಿಯಿಂದ ಜೇಬನ್ನು ಅಗಲಿಸಿ, ತುದಿಯನ್ನು ಸ್ವಲ್ಪ ಸುರುಳಿ ಮಾಡಿ ತೂರಿಸಿ. ಜುಲೈಯಲ್ಲೇ ಮುಗಿಸಬೇಕೆಂಬ ಹಟವಿದ್ದರೆ ಆ ತುದಿಗೆ ಫೆವಿಕಾಲಿನ ಒಂದು ಚುಕ್ಕೆ ಮುಟ್ಟಿಸಿ. ಮಡಿವಂತರು ಒಪ್ಪುವುದಿಲ್ಲ. ಅವರ ಊರಿನಲ್ಲಿ ನಾಲ್ಕು ತಿಂಗಳು ಮಳೆ ಇರಲಿಕ್ಕಿಲ್ಲ.